ನೂಕದೆ ನಡೆಯುವ ಬಂಡಿ

ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಯಂತ್ರವನ್ನು ನಡೆಯಿಸುವ ತಂದೆಯರ ಮಕ್ಕಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಾಳಿಯ ಮೇಲೆ ದುಡಿಯುವ ತಾಯಂದಿರ ಮಕ್ಕಳು, ವೈಟ್‌ಫೀಲ್ಡಿನ ಗಣಕಯಂತ್ರದ ಕಛೇರಿಗಳಿಗೆ ಹೋಗಿಬರುವ ಅಣ್ಣ ಅಕ್ಕಂದಿರುಳ್ಳವರು, ಇವರೆಲ್ಲರೂ ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡುವರು. ಇಂತಹ ಮನೆಗಳಿಂದ ಬಂದ ಹೆಣ್ಣುಮಕ್ಕಳಿಗೆ ಯಂತ್ರವೆಂದರೆ ಭಯವಿಲ್ಲ. ಅವರು ಕೇಳುವ ಪ್ರಶ್ನೆಗಳು ಪಾಠದ ಪುಸ್ತಕದ ಎಲ್ಲೆಯನ್ನು ಸುಲಭವಾಗಿ ದಾಟಿಬಿಡುವುವು. ಹಾಗೆ ಕೇಳಿಬಂದ ಒಂದು ಪ್ರಶ್ನೆ ಇದು: "ಟೀಚರ್, ಏನನ್ನೂ ಹಿಂದಕ್ಕೆ ಎಸೆಯದೆ ತಾನಾಗಿಯೇ ಮುಂದಕ್ಕೆ ಹೋಗುವ ಆಕಾಶನೌಕೆಯನ್ನು ಕಂಡುಹಿಡಿದಿದ್ದಾರಂತೆ, ಅದು ನಿಜವೇ?" ಈ ಪ್ರಶ್ನೆಗೆ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದಾಗಿತ್ತು. ಆದರೆ ಉತ್ತರಕ್ಕಿಂತಲೂ ಆ ಉತ್ತರಕ್ಕೆ ಜನರು ಬಂದು ಮುಟ್ಟಿದ ದಾರಿಯೇ ಹೆಚ್ಚು ಬೆಲೆಯುಳ್ಳದ್ದೆಂದು ನಮಗೆ ತೋರಿದುದರಿಂದ, ಈ ಸ್ಮರಣಸಂಚಿಕೆಯ ಕೆಲವು ಪುಟಗಳನ್ನು ಅದಕ್ಕಾಗಿ ಉಪಯೋಗಿಸಿಕೊಂಡಿದ್ದೇವೆ.

ಮೊದಲು ನಿಯಮವನ್ನು ನೆನಪಿಗೆ ತಂದುಕೊಳ್ಳೋಣ. ನಿಂತ ಎತ್ತಿನ ಗಾಡಿಯೊಳಗೆ ಕುಳಿತು ಅದರ ಮುಂದಿನ ಹಲಗೆಯನ್ನು ಎಷ್ಟು ಬಲವಾಗಿ ನೂಕಿದರೂ ಗಾಡಿಯು ಹೊರಡುವುದಿಲ್ಲ. ಕೈಗಳು ಹಲಗೆಯನ್ನು ಮುಂದಕ್ಕೆ ನೂಕಿದಷ್ಟೇ ಕಾಲುಗಳು ಗಾಡಿಯ ತಳವನ್ನು ಹಿಂದಕ್ಕೆ ನೂಕುವುವು. ಲೆಕ್ಕ ಸರಿಹೋಗಿ ಶೂನ್ಯವೇ ಉಳಿಯುವುದು. ಕೆರೆಯ ಮಧ್ಯದಲ್ಲಿ ಹುಟ್ಟು ಕಳೆದುಕೊಂಡ ದೋಣಿಯಲ್ಲಿ ಕುಳಿತವಳು ದಡವನ್ನು ಸೇರಬೇಕಾದರೆ ಏನು ಮಾಡಬೇಕು? ದೋಣಿಯಲ್ಲಿರುವ ತೆಂಗಿನಕಾಯಿಗಳನ್ನು ಒಂದೊಂದಾಗಿ ಹಿಂದಕ್ಕೆ ಬೀಸಿ ಎಸೆಯಬೇಕು. ಕಾಯಿ ಹಿಂದಕ್ಕೆ ಹೋದಂತೆ ದೋಣಿ ಮುಂದಕ್ಕೆ ಸರಿಯುವುದು. ಒಂದಕ್ಕೆ ದೊರೆತ ಸಂವೇಗವನ್ನು ಮತ್ತೊಂದು ಎದುರು ದಿಕ್ಕಿನಲ್ಲಿ ತೆರಲೇಬೇಕು. ನ್ಯೂಟನ್ ಮಹಾಶಯನು ೧೬೮೭ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದ ಸಾರಾಂಶವಿಷ್ಟೇ. ನೆಲದ ಮೇಲೆ ನಡೆಯುವವನು ಭೂಮಿಯನ್ನೂ, ಈಜುವವನು ನೀರನ್ನೂ, ಹಕ್ಕಿಯು ಗಾಳಿಯನ್ನೂ ಹಿಂದಕ್ಕೆ ನೂಕುವುದರಿಂದ ಮುಂದುವರಿಯುವರು. ಆಕಾಶದಲ್ಲಾದರೋ ನೂಕುವುದಕ್ಕೆ ನೆಲವೂ ಇಲ್ಲ, ನೀರೂ ಇಲ್ಲ, ಗಾಳಿಯೂ ಇಲ್ಲ. ಆದುದರಿಂದ ಅಲ್ಲಿಗೆ ಹೋಗುವ ನೌಕೆಯು ಹಿಂದಕ್ಕೆ ಎಸೆಯತಕ್ಕ ತೆಂಗಿನಕಾಯಿಗಳನ್ನು ತನ್ನೊಡನೆಯೇ ಹೊತ್ತುಕೊಂಡು ಹೋಗಬೇಕು.

ಹೈದರನೂ ಟಿಪ್ಪುವೂ ಕಬ್ಬಿಣದ ಕೊಳವೆಗಳಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದ ಬಾಣಗಳು ಇದೇ ನಿಯಮದಿಂದ ಹಾರಿದುವು. ಈಗ ಶ್ರೀಹರಿಕೋಟೆಯಿಂದ ಏಳುವ ರಾಕೆಟ್ಟುಗಳೂ ಇದರಿಂದಲೇ ಏಳುವುವು. ಆದರೆ ಈ ಹೊರೆಯು ಕ್ರೂರವಾದ ಹೊರೆ. ಹೆಚ್ಚು ದೂರ ಹೋಗಬೇಕಾದರೆ ಹೆಚ್ಚು ದ್ರವ್ಯ ಬೇಕು. ಆ ದ್ರವ್ಯವನ್ನು ಹೊರುವುದಕ್ಕೆ ಇನ್ನೂ ಹೆಚ್ಚು ದ್ರವ್ಯ ಬೇಕು. ರಷ್ಯಾದೇಶದ ಶಾಲೋಪಾಧ್ಯಾಯನಾಗಿದ್ದ ಸಿಯೋಲ್ಕೊವ್‌ಸ್ಕಿಯು ೧೯೦೩ರಲ್ಲಿಯೇ ಈ ಲೆಕ್ಕವನ್ನು ಸಮೀಕರಣದ ರೂಪದಲ್ಲಿ ಬರೆದಿಟ್ಟನು. ಮೇಲಕ್ಕೆ ಮುಟ್ಟಿದ ಉಪಗ್ರಹಕ್ಕೂ ಈ ಚಿಂತೆ ತಪ್ಪಿದ್ದಲ್ಲ. ತನ್ನ ಸ್ಥಾನವನ್ನೂ ಮುಖವನ್ನೂ ಸರಿಪಡಿಸಿಕೊಳ್ಳಲು ಅದು ಆಗಾಗ ಸ್ವಲ್ಪ ಸ್ವಲ್ಪವಾಗಿ ದ್ರವ್ಯವನ್ನು ಹೊರಕ್ಕೆ ಬಿಡಬೇಕು. ಅದು ಮುಗಿದ ದಿನ, ಮಿಕ್ಕ ಯಂತ್ರಗಳೆಲ್ಲವೂ ಚೆನ್ನಾಗಿದ್ದರೂ, ಉಪಗ್ರಹದ ಆಯುಸ್ಸು ಮುಗಿಯಿತು. ನಮ್ಮ ದೇಶದ ಇನ್ಸಾಟ್-೧ಎ ಎಂಬ ಉಪಗ್ರಹವು ೧೯೮೨ನೆಯ ಏಪ್ರಿಲಿನಲ್ಲಿ ಮೇಲಕ್ಕೆ ಹೋಗಿ, ಏಳು ವರ್ಷ ಬಾಳಬೇಕಾಗಿದ್ದದ್ದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ದ್ರವ್ಯವೆಲ್ಲ ಬರಿದಾಗಿ ನಿರುಪಯುಕ್ತವಾಯಿತು.

ಆದಕಾರಣ ದ್ರವ್ಯವನ್ನು ಮಿತವಾಗಿ ಬಳಸುವ ಉಪಾಯಗಳಿಗಾಗಿ ವಿಜ್ಞಾನಿಗಳು ಬಹುಕಾಲದಿಂದ ದುಡಿಯುತ್ತಿದ್ದಾರೆ. ೨೦೧೭ರ ಮೇ ೫ರಂದು ಹಾರಿದ ಜಿಸ್ಯಾಟ್-೯ ಉಪಗ್ರಹದಲ್ಲಿ ಕ್ಸೆನಾನ್ ಅನಿಲದ ಕಣಗಳನ್ನು ವಿದ್ಯುಚ್ಛಕ್ತಿಯಿಂದ ಅತ್ಯಂತ ವೇಗವಾಗಿ ಹೊರದೂಡುವ ಯಂತ್ರಗಳಿದ್ದುವು. ಬೆಂಗಳೂರಿನ ಬೆಲಾಟ್ರಿಕ್ಸ್ ಎಂಬ ಸಂಸ್ಥೆಯವರು ತಾವು ಮಾಡಿದ ಇಂತಹ ಯಂತ್ರದ ಭಾಗವೊಂದನ್ನು ೨೦೨೪ರ ಜನವರಿಯಲ್ಲಿ ಆಕಾಶದಲ್ಲಿ ಪರೀಕ್ಷೆಗೆ ಕಳುಹಿಸಿದರು. ಇವೆಲ್ಲವೂ ತೆಂಗಿನಕಾಯಿಗೆ ಬದಲಾಗಿ ಸಾಸಿವೆಕಾಳನ್ನು ಬಹುವೇಗದಿಂದ ಎಸೆಯುವ ಜಾಣತನವೇ ಹೊರತು, ಏನನ್ನೂ ಎಸೆಯದಿರುವ ಮಾಯೆಯಲ್ಲ. ಏನನ್ನೂ ಎಸೆಯದೆ ನೌಕೆಯು ನಡೆಯುವುದಾದರೆ ಎಷ್ಟು ಚೆನ್ನಾಗಿತ್ತು! ಉಪಗ್ರಹಗಳು ಮುದಿಯಾಗುತ್ತಿರಲಿಲ್ಲ, ನಕ್ಷತ್ರಗಳು ಕೈಗೆ ಹತ್ತಿರವಾಗುತ್ತಿದ್ದುವು. ಮನಸ್ಸು ಇಷ್ಟಾಗಿ ಬಯಸುವ ವಿಷಯದಲ್ಲಿಯೇ ಕಣ್ಣು ಬೇಗನೆ ಮೋಸಹೋಗುವುದೆಂಬುದನ್ನು ಇಲ್ಲಿ ಗುರುತುಹಾಕಿಕೊಳ್ಳಬೇಕು.

ಹೊರೆಯಿಲ್ಲದೆ ನೂಕಿಸಿಕೊಳ್ಳುವ ಒಂದು ಸತ್ಯವಾದ ಮಾರ್ಗವೂ ಉಂಟು. ಅದು ಸೂರ್ಯನ ಬೆಳಕು. ಬೆಳಕು ತಾನು ಬಿದ್ದ ವಸ್ತುವನ್ನು ಅತ್ಯಲ್ಪವಾಗಿ ನೂಕುವುದೆಂದು ಮ್ಯಾಕ್ಸ್‌ವೆಲ್ ೧೮೭೩ರಲ್ಲಿ ಗಣಿತದಿಂದ ತಿಳಿಸಿದನು. ಅದೇ ಕಾಲದಲ್ಲಿ ಕ್ರೂಕ್ಸ್ ಎಂಬ ಆಂಗ್ಲ ವಿಜ್ಞಾನಿಯು ಗಾಳಿ ತೆಗೆದ ಗಾಜಿನ ಬುಡ್ಡಿಯೊಳಗೆ ಒಂದು ಪಕ್ಕ ಕಪ್ಪು, ಒಂದು ಪಕ್ಕ ಬಿಳುಪಾದ ನಾಲ್ಕು ರೆಕ್ಕೆಗಳ ಗಿರಗಟ್ಟಲೆಯನ್ನು ಇಟ್ಟನು. ಅನೇಕ ಶಾಲೆಗಳ ಪ್ರಯೋಗಶಾಲೆಯ ಬೀರುವಿನಲ್ಲಿ ಈ ಆಟಿಕೆಯುಂಟು. ಬಿಸಿಲಿಗಿಟ್ಟರೆ ಅದು ತಿರುಗುವುದು. ಇದೇ ಬೆಳಕಿನ ಒತ್ತಡವೆಂದು ಮೊದಲು ಅವನೂ ನಂಬಿದನು. ಆದರೆ ಬೆಳಕಿನ ಒತ್ತಡವಾದರೆ ಬೆಳಕನ್ನು ಹಿಂದಿರುಗಿಸುವ ಬಿಳಿಯ ಪಕ್ಕವೇ ಹೆಚ್ಚಾಗಿ ಹಿಂದಕ್ಕೆ ತಳ್ಳಲ್ಪಡಬೇಕಾಗಿತ್ತು; ಬುಡ್ಡಿಯಲ್ಲಿ ಕಪ್ಪು ಪಕ್ಕವು ಹಿಂದಕ್ಕೆ ಹೋಗುತ್ತಿತ್ತು. ತಿರುಗಿದ್ದು ನಿಜ, ಕಾರಣ ಮಾತ್ರ ಬೇರೆ. ಬುಡ್ಡಿಯಲ್ಲಿ ಉಳಿದಿದ್ದ ಸ್ವಲ್ಪ ಗಾಳಿಯು ಕಪ್ಪು ಪಕ್ಕದ ಶಾಖದಿಂದ ಕದಲಿ ರೆಕ್ಕೆಗಳನ್ನು ತಿರುಗಿಸುತ್ತಿತ್ತು. ಮಾಸ್ಕೋ ನಗರದ ಲೆಬೆದೆವ್ ಎಂಬವನು ಬುಡ್ಡಿಯ ಗಾಳಿಯನ್ನು ಸಾಧ್ಯವಾದಷ್ಟು ಹೊರತೆಗೆದು, ಎರಡು ಪಕ್ಕಗಳಲ್ಲಿಯೂ ಶಾಖವು ಬೇಗನೆ ಸಮನಾಗುವಂತೆ ಬಹು ತೆಳ್ಳನೆಯ ಲೋಹದ ಬಿಲ್ಲೆಗಳನ್ನು ತೂಗಹಾಕಿ, ೧೯೦೦ರ ಸುಮಾರಿನಲ್ಲಿ ನಿಜವಾದ ಒತ್ತಡವನ್ನು ಅಳೆದನು. ಶಾಖವೆಂಬ ಮೋಸಗಾರನನ್ನು ಮೊದಲು ಹೊರಗೆ ಹಾಕಿ, ಆಮೇಲೆ ಸತ್ಯವನ್ನು ಒಳಕ್ಕೆ ಕರೆದನು.

ಈ ಬೆಳಕಿನ ಒತ್ತಡವು ನಮ್ಮ ನಾಡಿಗೆ ದೂರದ ಮಾತೇನೂ ಅಲ್ಲ. ಬೆಂಗಳೂರಿನಲ್ಲಿ ಕಟ್ಟಲ್ಪಟ್ಟು ೧೯೯೨ರಲ್ಲಿ ಹಾರಿದ ಇನ್ಸಾಟ್-೨ಎ ಉಪಗ್ರಹದಲ್ಲಿ ಸೂರ್ಯಶಕ್ತಿಯ ಫಲಕವು ಒಂದೇ ಪಕ್ಕದಲ್ಲಿತ್ತು; ಮತ್ತೊಂದು ಪಕ್ಕವನ್ನು ಹವೆಯ ಚಿತ್ರ ತೆಗೆಯುವ ಯಂತ್ರವು ತಂಪಾಗಿರಲೆಂದು ತೆರವಾಗಿ ಬಿಟ್ಟಿದ್ದರು. ಒಂದು ಪಕ್ಕದ ಫಲಕದ ಮೇಲೆ ಮಾತ್ರ ಬಿಸಿಲು ಬಿದ್ದರೆ, ಒಂದೇ ಕಡೆ ಬಿಂದಿಗೆ ಕಟ್ಟಿದ ಅಡ್ಡೆಯಂತೆ ಉಪಗ್ರಹವು ವಾಲಿ ತಿರುಗುವುದು. ಅದಕ್ಕಾಗಿ ಎದುರು ಪಕ್ಕದಲ್ಲಿ ಉದ್ದನೆಯ ಕೋಲಿನ ತುದಿಗೆ ಒಂದು ಸೌರಪಟವನ್ನು ಕಟ್ಟಿ ಬಿಸಿಲನ್ನು ಬಿಸಿಲಿನಿಂದಲೇ ತೂಗಿದರು. ಮೇಲೆ ಹೇಳಿದ ಇನ್ಸಾಟ್-೧ಎಯಲ್ಲಿ ಈ ಪಟವು ಬಿಚ್ಚಿಕೊಳ್ಳದೆ ಹೋದದ್ದೂ ಅದರ ಸಂಕಟಗಳಲ್ಲಿ ಒಂದು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ಕುಳಿತು ಈ ಉಪಗ್ರಹಗಳನ್ನು ಕಾಯ್ದವರಿಗೆ, ಬಿಸಿಲಿಗೆ ಭಾರವುಂಟೆಂಬುದು ದಿನದಿನದ ಅನುಭವ. ಮುಂದೆ ಜಪಾನಿನವರು ೨೦೧೦ರ ಮೇ ೨೧ರಂದು ಇಕಾರೋಸ್ ಎಂಬ ನೌಕೆಯನ್ನು ಕಳುಹಿಸಿ, ೧೪ ಮೀಟರು ಚಚ್ಚೌಕದ, ಕೂದಲೆಳೆಗಿಂತಲೂ ತೆಳ್ಳನೆಯ ಪಟವನ್ನು ಬಿಚ್ಚಿ, ಬಿಸಿಲಿನ ಬಲದಿಂದಲೇ ಅದರ ವೇಗವು ಬದಲಾದದ್ದನ್ನು ತೋರಿಸಿದರು. ಅವರು ಅಳೆದ ಬಲವು ೧.೧೨ ಮಿಲಿನ್ಯೂಟನ್. ಒಂದು ಮಿಲಿನ್ಯೂಟನ್ ಎಂದರೆ ಅಂಗೈ ಮೇಲಿಟ್ಟ ನಾಲ್ಕೈದು ಅಕ್ಕಿಕಾಳುಗಳ ಭಾರವಷ್ಟೇ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು.

ಈಗ ನಮ್ಮ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ರೋಜರ್ ಶಾಯರ್ ಎಂಬ ಎಂಜಿನಿಯರು ೨೦೦೧ರ ಸುಮಾರಿನಿಂದ ಒಂದು ಯಂತ್ರದ ವಿಷಯವಾಗಿ ಹೇಳತೊಡಗಿದನು. ಅದಕ್ಕೆ 'ಎಮ್‌ಡ್ರೈವ್' ಎಂದು ಹೆಸರು. ಒಂದು ತುದಿ ಅಗಲವಾಗಿಯೂ ಒಂದು ತುದಿ ಕಿರಿದಾಗಿಯೂ ಇರುವ ತಾಮ್ರದ ಪಾತ್ರೆ. ಬಕೆಟ್ಟಿಗೆ ಮುಚ್ಚಳ ಬೆಸೆದಂತೆ ಎಲ್ಲ ಕಡೆಯೂ ಮುಚ್ಚಿರುವುದು. ಅದರೊಳಗೆ, ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವಂತಹ ಅಲೆಗಳನ್ನು ತುಂಬುವುದು. ಅಲೆಗಳು ಒಳಗೇ ಹಿಂದಕ್ಕೂ ಮುಂದಕ್ಕೂ ಬಡಿಯುತ್ತಿರಲು, ಹೊರಕ್ಕೆ ಏನೂ ಹೋಗದಿದ್ದರೂ ಪಾತ್ರೆಯು ಒಂದು ದಿಕ್ಕಿಗೆ ನೂಕಲ್ಪಡುವುದೆಂದು ಅವನು ವಾದಿಸಿದನು. ಗಾಡಿಯೊಳಗೆ ಕುಳಿತು ಹಲಗೆಯನ್ನು ನೂಕುವವಳ ಕಥೆಯೇ ಇದೆಂದು ಭೌತಶಾಸ್ತ್ರಜ್ಞರು ಹೇಳಿದರು. ಆದರೂ ಕೆಲವರು ಪರೀಕ್ಷಿಸಿ ನೋಡಿದರು. ಚೀನಾದ ಷಿಯಾನ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಯಾಂಗ್ ಜುವಾನ್ ಎಂಬ ಪ್ರಾಧ್ಯಾಪಿಕೆಯು ಬಲವನ್ನು ಕಂಡೆನೆಂದು ವರದಿಮಾಡಿದರು. ಅಮೇರಿಕದ ನಾಸಾ ಸಂಸ್ಥೆಯ ಹ್ಯೂಸ್ಟನ್ ಕೇಂದ್ರದಲ್ಲಿ ಹೆರಾಲ್ಡ್ ವೈಟನೂ ಅವನ ಜೊತೆಗಾರರೂ ನಿರ್ವಾತದ ಪೆಟ್ಟಿಗೆಯೊಳಗೆ ತಿರುಚುತಕ್ಕಡಿಯ ಮೇಲೆ ಪರೀಕ್ಷಿಸಿ, ಒಂದು ಕಿಲೋವಾಟ್ ವಿದ್ಯುತ್ತಿಗೆ ೧.೨ ಮಿಲಿನ್ಯೂಟನ್ ಬಲವು ಹುಟ್ಟುವುದೆಂದು ೨೦೧೬ರ ನವೆಂಬರಿನಲ್ಲಿ ಪ್ರಕಟಿಸಿದರು. ವಿದ್ವಾಂಸರ ಪರಿಶೀಲನೆಗೆ ಒಳಪಟ್ಟ ಪತ್ರಿಕೆಯಲ್ಲಿ ಅದು ಅಚ್ಚಾದುದರಿಂದ, ನ್ಯೂಟನ್ನನ ನಿಯಮವು ಮುರಿದುಬಿತ್ತೆಂದು ಲೋಕದಲ್ಲೆಲ್ಲ ಗದ್ದಲವಾಯಿತು.

ಇಲ್ಲಿ ನಿಂತು ಸ್ವಲ್ಪ ಲೆಕ್ಕ ಮಾಡೋಣ. ಅವರು ಬಳಸಿದ ವಿದ್ಯುತ್ತು ೪೦ರಿಂದ ೮೦ ವಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು. ಆದುದರಿಂದ ತಕ್ಕಡಿಯು ತೋರಿಸಬೇಕಾದ ಬಲವು ಅರ್ಧ ಅಕ್ಕಿಕಾಳಿನ ಭಾರಕ್ಕಿಂತ ಹೆಚ್ಚಲ್ಲ. ಹಲವು ಕಿಲೋಗ್ರಾಂ ತೂಕದ ಸಲಕರಣೆಯನ್ನು ಹೊತ್ತ ತೋಳೊಂದು ಅರ್ಧ ಅಕ್ಕಿಕಾಳಿನಷ್ಟು ಬಲಕ್ಕೆ ಕದಲಿತೆಂದರೆ, ಅದನ್ನು ಕದಲಿಸಿದವರು ಯಾರೆಂದು ವಿಚಾರಿಸಲೇಬೇಕು. ಪಾತ್ರೆಯು ಬಿಸಿಯಾದರೆ ಲೋಹವು ಹಿಗ್ಗಿ ಅದರ ಭಾರಕೇಂದ್ರವು ಸರಿಯುವುದು. ತಕ್ಕಡಿ ಅದನ್ನು ಬಲವೆಂದು ತಿಳಿಯುವುದು. ವಿದ್ಯುತ್ತು ಹರಿಯುವ ತಂತಿಯನ್ನು ಭೂಮಿಯ ಕಾಂತಶಕ್ತಿಯು ಎಳೆಯುವುದು. ದಪ್ಪನೆಯ ತಂತಿಯು ಬಿಸಿಯಾದಾಗ ಅದರ ಬಿಗಿಯು ಬದಲಾಗುವುದು. ಬಿಸಿಯಾದ ಮೈಯಿಂದ ಅಂಟು, ತೇವಗಳು ಆವಿಯಾಗಿ ಹೊರಟು ತಾವೇ ಸಣ್ಣ ರಾಕೆಟ್ಟಿನಂತೆ ನೂಕುವುವು. ಇವುಗಳಲ್ಲಿ ಒಂದೊಂದೂ ಅರ್ಧ ಅಕ್ಕಿಕಾಳಿಗೆ ಸಮನಾಗಬಲ್ಲದು.

ಹಾಗಾದರೆ ಕಳ್ಳನನ್ನು ಹಿಡಿಯುವ ಬಗೆ ಹೇಗೆ? ಉಪಾಯಗಳು ಬಹು ಸರಳವಾಗಿವೆ. ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿ ಇಡಬೇಕು: ಬಲವು ಯಂತ್ರದ್ದೇ ಆದರೆ ಅದರ ದಿಕ್ಕೂ ತಿರುಗಬೇಕು. ಯಂತ್ರವನ್ನು ತೆಗೆದು, ಅಷ್ಟೇ ವಿದ್ಯುತ್ತನ್ನು ಕುಡಿದು ಸುಮ್ಮನೆ ಬಿಸಿಯಾಗುವ ಬೇರೊಂದು ವಸ್ತುವನ್ನು ಇಡಬೇಕು: ಆಗಲೂ ತಕ್ಕಡಿ ಕದಲಿದರೆ ಬಲವು ಯಂತ್ರದ್ದಲ್ಲ. ಹೊರಗಿನಿಂದ ಬರುವ ತಂತಿಗಳನ್ನು ಕಿತ್ತುಹಾಕಿ ಬ್ಯಾಟರಿಯನ್ನು ತೋಳಿನ ಮೇಲೆಯೇ ಇಡಬೇಕು. ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ, ಬಲವೂ ಅದೇ ಪ್ರಮಾಣದಲ್ಲಿ ಏರಿ ಇಳಿಯುವುದೋ ನೋಡಬೇಕು. ಕಟ್ಟಕಡೆಗೆ, ಯಂತ್ರವನ್ನು ಮಾಡಿದವರಲ್ಲದ ಬೇರೆಯವರು, ಬೇರೆ ಊರಿನಲ್ಲಿ, ಬೇರೆ ತಕ್ಕಡಿಯ ಮೇಲೆ ಅದನ್ನೇ ಕಾಣಬೇಕು.

ಷಿಯಾನ್ ನಗರದ ಪ್ರಾಧ್ಯಾಪಿಕೆಯು ಹಾಗೆಯೇ ಮಾಡಿದರು. ಬ್ಯಾಟರಿಯನ್ನು ಯಂತ್ರದೊಡನೆಯೇ ಇಟ್ಟು ಅಳೆದಾಗ, ಮೊದಲು ಕಂಡಿದ್ದ ಬಲವು ಕಾಣಲಿಲ್ಲ; ತಂತಿಗಳೇ ತಮ್ಮನ್ನು ಮೋಸಗೊಳಿಸಿದ್ದುವೆಂದು ೨೦೧೬ರಲ್ಲಿ ತಾವೇ ಬರೆದು ಪ್ರಕಟಿಸಿದರು. ತಮ್ಮ ಕೀರ್ತಿಗೆ ಕಾರಣವಾದ ಫಲಿತಾಂಶವನ್ನು ತಮ್ಮ ಕೈಯಿಂದಲೇ ಅಳಿಸಿದ ಆ ಮಹಿಳೆಯನ್ನು ನಮ್ಮ ವಿದ್ಯಾರ್ಥಿನಿಯರು ಗೌರವದಿಂದ ನೆನೆಯಬೇಕು. ಜರ್ಮನಿಯ ಡ್ರೆಸ್ಡೆನ್ ನಗರದ ಮಾರ್ಟಿನ್ ತಾಜ್ಮಾರ್ ಎಂಬ ಪ್ರಾಧ್ಯಾಪಕನು ಅದಕ್ಕಿಂತಲೂ ಹೆಚ್ಚು ಶ್ರಮಪಟ್ಟನು. ಅವನು ಈ ಯಂತ್ರಗಳ ಶತ್ರುವಲ್ಲ. ಇಂತಹವು ಸಿಕ್ಕಿದರೆ ಒಳ್ಳೆಯದೆಂದು ಹಾರೈಸಿ ಹುಡುಕುತ್ತಿದ್ದವನೇ. ೨೦೧೮ರಲ್ಲಿ ಅವನ ಗುಂಪಿನವರು ಪಾತ್ರೆಯೊಳಕ್ಕೆ ಹೋಗುವ ಅಲೆಗಳನ್ನು ಬಹಳವಾಗಿ ತಗ್ಗಿಸಿ ನೋಡಿದರು, ಬಲವು ತಗ್ಗಲಿಲ್ಲ. ಅಂದಮೇಲೆ ಅದು ಪಾತ್ರೆಯ ಬಲವಲ್ಲ, ತಂತಿಗಳ ಮೇಲೆ ಭೂಮಿಯ ಕಾಂತಶಕ್ತಿಯು ಮಾಡುತ್ತಿದ್ದ ಕೆಲಸವೆಂದು ಅವರಿಗೆ ತೋರಿತು. ಮತ್ತೆ ಮೂರು ವರ್ಷ ತಕ್ಕಡಿಯನ್ನು ತಿದ್ದಿ, ನಾಸಾದವರ ಪಾತ್ರೆಯನ್ನೇ ಹೋಲುವ ಪಾತ್ರೆಯನ್ನು ಇಟ್ಟು, ೨೦೨೧ರಲ್ಲಿ ಕಡೆಯ ತೀರ್ಪನ್ನು ಹೇಳಿದರು: ಹಿಂದೆ ಕಂಡ ಬಲವು ಶಾಖದಿಂದ ತಕ್ಕಡಿಯ ಕಟ್ಟು ಸೊಟ್ಟಗಾದುದರ ಫಲ, ಪಾತ್ರೆಯನ್ನು ತೂಗಹಾಕುವ ರೀತಿಯನ್ನು ಬದಲಾಯಿಸಿದೊಡನೆ ಬಲವು ಮಾಯವಾಯಿತು. ಒಂದೂವರೆ ಶತಮಾನದ ಹಿಂದೆ ಕ್ರೂಕ್ಸನ ಬುಡ್ಡಿಯೊಳಗೆ ಕುಳಿತಿದ್ದ ಅದೇ ಶಾಖವು ಇಲ್ಲಿಯೂ ಬಂದು ಕುಳಿತಿತ್ತು.

ತಕ್ಕಡಿಯನ್ನು ಮುಟ್ಟದೆ ಬರಿಯ ಲೆಕ್ಕದಿಂದಲೂ ಸಂಶಯಪಡಲು ಕಾರಣವಿತ್ತು. ಬೆಳಕನ್ನೇ ಹಿಂದಕ್ಕೆ ಚೆಲ್ಲುವ ದೀಪವು ಒಂದು ಕಿಲೋವಾಟಿಗೆ ೦.೦೦೩೩ ಮಿಲಿನ್ಯೂಟನ್ನಿನಷ್ಟು ಬಲವನ್ನು ಮಾತ್ರ ಕೊಡಬಲ್ಲದು. ಮುಚ್ಚಿದ ಪಾತ್ರೆಯು ಅದರ ೩೬೦ರಷ್ಟನ್ನು ಕೊಡುವುದೆಂದು ಹೇಳಿದರಷ್ಟೆ. ಹಾಗೆ ಬಲವು ನಿಲ್ಲದೆ ದೊರೆಯುತ್ತಿದ್ದರೆ ನೌಕೆಯ ವೇಗವು ಏರುತ್ತಲೇ ಹೋಗಿ, ಸೆಕೆಂಡಿಗೆ ಸುಮಾರು ೮೩೦ ಕಿಲೋಮೀಟರನ್ನು ಮೀರಿದ ಮೇಲೆ, ನಾವು ಕೊಡುವ ವಿದ್ಯುಚ್ಛಕ್ತಿಗಿಂತ ನೌಕೆಯು ಗಳಿಸುವ ಚಲನಶಕ್ತಿಯೇ ಹೆಚ್ಚಾಗುವುದು. ಅಂದರೆ ಒಂದು ಸೇರು ಅಕ್ಕಿ ಹಾಕಿದ ಬೀಸುಕಲ್ಲಿನಿಂದ ಎರಡು ಸೇರು ಹಿಟ್ಟು ಬಂದಂತಾಯಿತು. ಇಂತಹ ಬೀಸುಕಲ್ಲನ್ನು ಈವರೆಗೆ ಯಾರೂ ಕಂಡಿಲ್ಲ.

ಇಲ್ಲಿ ಓದುಗರು ಒಂದು ವಿಚಿತ್ರವನ್ನು ಗಮನಿಸಬೇಕು. ಜಪಾನಿನ ಪಟದ ಬಲ ೧.೧೨ ಮಿಲಿನ್ಯೂಟನ್, ತಾಮ್ರದ ಪಾತ್ರೆಗೆ ಒಂದು ಕಿಲೋವಾಟಿಗೆ ಹೇಳಿದ ಬಲ ೧.೨ ಮಿಲಿನ್ಯೂಟನ್. ಎರಡೂ ಹೆಚ್ಚು ಕಡಿಮೆ ಒಂದೇ. ಲೋಕವು ಮೊದಲನೆಯದನ್ನು ನಂಬಿತು, ಎರಡನೆಯದನ್ನು ನಂಬಲಿಲ್ಲ. ಇದು ಪಕ್ಷಪಾತವೇ? ಅಲ್ಲ. ಪಟದ ವಿಷಯದಲ್ಲಿ ಬಲವು ಎಷ್ಟಿರಬೇಕೆಂದು ಮೊದಲೇ ಲೆಕ್ಕ ಹಾಕಬಹುದಾಗಿತ್ತು. ಸುಮಾರು ೩೧೦ ಕಿಲೋಗ್ರಾಂ ತೂಕದ ನೌಕೆಯು ಯಾವ ತಂತಿಗೂ ತಕ್ಕಡಿಗೂ ಕಟ್ಟಲ್ಪಡದೆ ಶೂನ್ಯದಲ್ಲಿ ತೇಲುತ್ತಿತ್ತು. ಅಷ್ಟು ಅಲ್ಪ ಬಲದಿಂದಲೂ ಒಂದು ದಿನಕ್ಕೆ ಸೆಕೆಂಡಿಗೆ ಮೂರನೆಯ ಒಂದು ಮೀಟರಿನಷ್ಟು ವೇಗವು ಕೂಡುವುದು. ದಿನದಿನಕ್ಕೆ ಕೂಡಿಬಂದ ಆ ವೇಗವನ್ನು ಭೂಮಿಯ ಮೇಲಿನ ಕೇಂದ್ರಗಳು ರೇಡಿಯೋ ಅಲೆಯಿಂದ ಅಳೆದುವು. ಅಲ್ಪವಾದದ್ದೆಲ್ಲವೂ ಸುಳ್ಳಲ್ಲ; ಅಲ್ಪವಾದದ್ದಕ್ಕೆ ಸಾಕ್ಷ್ಯವು ಬಲವಾಗಿರಬೇಕು, ಅಷ್ಟೇ.

ಈ ಕಾರಣದಿಂದಲೇ, ಇಂತಹ ಯಂತ್ರವನ್ನು ಆಕಾಶದಲ್ಲಿಯೇ ಪರೀಕ್ಷಿಸಿದರೆ ಜಗಳ ತೀರುವುದೆಂದು ಕೆಲವರು ಹೇಳಿದರು. ಮಾತು ಸರಿಯಾದದ್ದೇ. ಅಮೇರಿಕದ ಒಂದು ಸಂಸ್ಥೆಯವರು ತಮ್ಮ 'ಕ್ವಾಂಟಮ್ ಡ್ರೈವ್' ಎಂಬ ದ್ರವ್ಯವಿಲ್ಲದ ಯಂತ್ರವನ್ನು ೨೦೨೩ರ ನವೆಂಬರಿನಲ್ಲಿ ಬ್ಯಾರಿ-೧ ಎಂಬ ಸಣ್ಣ ಉಪಗ್ರಹದಲ್ಲಿಟ್ಟು ಕಳುಹಿಸಿದರು. ಆದರೆ ಉಪಗ್ರಹದ ವಿದ್ಯುತ್ತಿನ ಏರ್ಪಾಡು ಕೆಟ್ಟು, ಯಂತ್ರವನ್ನು ನಡೆಯಿಸುವುದಕ್ಕೆ ಮೊದಲೇ ೨೦೨೪ರ ಫೆಬ್ರವರಿಯಲ್ಲಿ ಸಂಪರ್ಕವು ತಪ್ಪಿಹೋಯಿತು. ಇದರಿಂದ ಯಂತ್ರವು ಗೆದ್ದಿತೆಂದಾಗಲಿ ಸೋತಿತೆಂದಾಗಲಿ ಹೇಳುವಂತಿಲ್ಲ. ನಡೆಯದ ಪರೀಕ್ಷೆಯು ಯಾರ ಪಕ್ಷಕ್ಕೂ ಸಾಕ್ಷಿಯಲ್ಲ.

"ದೊಡ್ಡವರು ಹಿಂದೆ ರಾಕೆಟ್ಟನ್ನೂ ನಂಬಲಿಲ್ಲವಲ್ಲ, ಟೀಚರ್?" ಎಂದು ಒಬ್ಬ ಹುಡುಗಿ ಕೇಳಿದಳು. ನ್ಯಾಯವಾದ ಮಾತು. ಅಮೇರಿಕದ ಗೊಡಾರ್ಡ್ ಎಂಬ ಪ್ರಾಧ್ಯಾಪಕನು ರಾಕೆಟ್ಟು ನಿರ್ವಾತದಲ್ಲಿಯೂ ಹೋಗಬಲ್ಲದೆಂದು ಬರೆದಾಗ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ೧೯೨೦ರ ಜನವರಿ ೧೩ರಂದು, ನೂಕುವುದಕ್ಕೆ ಗಾಳಿಯಿಲ್ಲದ ಕಡೆ ರಾಕೆಟ್ಟು ಹೇಗೆ ಹೋದೀತೆಂದು ಅವನನ್ನು ಹಾಸ್ಯಮಾಡಿತು. ಮನುಷ್ಯರು ಚಂದ್ರನ ಕಡೆಗೆ ಹೊರಟ ಮರುದಿನ, ೧೯೬೯ರ ಜುಲೈ ೧೭ರಂದು, ಆ ಪತ್ರಿಕೆಯೇ ತನ್ನ ತಪ್ಪನ್ನು ಒಪ್ಪಿಕೊಂಡಿತು. ಆದರೆ ಈ ಕಥೆಯ ನೀತಿ ಯಾವುದು? ಗೊಡಾರ್ಡನನ್ನು ನಕ್ಕವರು ನ್ಯೂಟನ್ನನ ನಿಯಮವನ್ನು ತಿಳಿಯದೆ ನಕ್ಕರು. ಗೊಡಾರ್ಡನಾದರೋ ಆ ನಿಯಮದಂತೆ ಲೆಕ್ಕಹಾಕಿ, ನಿರ್ವಾತದ ಕೊಳವೆಯೊಳಗೆ ಮದ್ದನ್ನು ಸುಟ್ಟು ನೂಕುಬಲವನ್ನು ಅಳೆದು ನೋಡಿದ್ದನು. ನಕ್ಕವರ ಬಳಿ ಅಳತೆಯಿರಲಿಲ್ಲ, ಅವನ ಬಳಿ ಇತ್ತು. ಹಾಸ್ಯವು ಸಂಶಯವಲ್ಲ. ಸಂಶಯವೆಂದರೆ ತಕ್ಕಡಿಯನ್ನು ಹಿಡಿದು ಎದುರಿಗೆ ಕುಳಿತುಕೊಳ್ಳುವುದು.

ಇಂತಹ ಸಂಶಯದ ಒಂದು ಒಳ್ಳೆಯ ಮಾದರಿಯು ನಮ್ಮ ಹತ್ತಿರದಲ್ಲಿಯೇ ಉಂಟು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆಯಲ್ಲಿ ಮುಂದೆ ಹೋಗಿ ಚಂದಾಪುರದಲ್ಲಿ ತಿರುಗಿದರೆ ಆನೇಕಲ್ಲು ಸಿಕ್ಕುವುದು. ಆ ಊರಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ 'ವೈಮಾನಿಕ ಶಾಸ್ತ್ರ'ವೆಂಬ ಸಂಸ್ಕೃತ ಗ್ರಂಥವನ್ನು ಬಾಯಿಂದ ಹೇಳಿ ಬರೆಯಿಸಿದರು. ಅದು ಭರದ್ವಾಜ ಮಹರ್ಷಿಗಳದೆಂದು ಹೇಳಿಕೆ. ಅದರ ಯಂತ್ರಗಳ ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪ ಎಂಬ ನಕ್ಷೆಗಾರರು ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ೧೯೭೩ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದಾಗ, ಪೂರ್ವಕಾಲದವರು ವಿಮಾನಗಳನ್ನು ಹಾರಿಸಿದರೆಂಬ ಮಾತು ಎಲ್ಲೆಡೆ ಹಬ್ಬಿತು. ಆಗ ಭಾರತೀಯ ವಿಜ್ಞಾನ ಮಂದಿರದ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಐವರು ಗ್ರಂಥವನ್ನು ಬದಿಗೆ ತಳ್ಳಲೂ ಇಲ್ಲ, ತಲೆಯ ಮೇಲೆ ಹೊರಲೂ ಇಲ್ಲ. ಅದರ ಭಾಷೆಯನ್ನು ಪರಿಶೀಲಿಸಿದರು. ಶಾಸ್ತ್ರಿಗಳನ್ನು ಬಲ್ಲವರನ್ನು ವಿಚಾರಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಆಕಾರ, ಅಳತೆಗಳನ್ನು ವಿಮಾನಶಾಸ್ತ್ರದ ನಿಯಮಗಳಿಗೆ ಹಚ್ಚಿ ನೋಡಿದರು. ೧೯೭೪ರಲ್ಲಿ ಅವರು ಹೇಳಿದ ತೀರ್ಪು: ಗ್ರಂಥವು ೨೦ನೆಯ ಶತಮಾನದ ಆರಂಭದ್ದು, ವರ್ಣಿಸಿದಂತೆ ಕಟ್ಟಿದರೆ ಅವುಗಳಲ್ಲಿ ಯಾವುದೂ ಹಾರಲಾರದು. ಆದರೂ, ಮೇಲಿನ ಗಾಳಿಯನ್ನು ಬೀಸಣಿಗೆಗಳಿಂದ ಎಳೆದು ಕೊಳವೆಗಳ ಮೂಲಕ ಕೆಳಕ್ಕೆ ದೂಡುವ ರುಕ್ಮವಿಮಾನದ ಕಲ್ಪನೆಯಲ್ಲಿ ಮಾತ್ರ ಸ್ವಲ್ಪ ಅರ್ಥವುಂಟೆಂದು ಒಪ್ಪಿಕೊಂಡರು. ಎದುರಾಳಿಗೆ ಸಲ್ಲತಕ್ಕ ಒಂದು ಕಾಸನ್ನೂ ಹಿಡಿದಿಟ್ಟುಕೊಳ್ಳದೆ ಸಲ್ಲಿಸುವುದೇ ನ್ಯಾಯವಾದ ವಿಮರ್ಶೆಯ ಗುರುತು. ಬಡತನದಲ್ಲಿ ಬಾಳಿದ ಆ ಪಂಡಿತರನ್ನು ನಿಂದಿಸಲು ನಮಗೆ ಮನಸ್ಸಿಲ್ಲ. ಪರೀಕ್ಷೆಯು ನಡೆದದ್ದು ಮನುಷ್ಯನ ಮೇಲಲ್ಲ, ಮಾತಿನ ಮೇಲೆ.

ಅನ್ಯರ ತಪ್ಪುಗಳನ್ನು ಇಷ್ಟು ವಿಸ್ತಾರವಾಗಿ ಬರೆದ ಮೇಲೆ ನಮ್ಮದನ್ನು ಮರೆಮಾಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಒಂಭತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನ ಪ್ರದರ್ಶನಕ್ಕಾಗಿ ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಸಣ್ಣ ಮೋಟಾರನ್ನೂ ಬೀಸಣಿಗೆಯನ್ನೂ ಇಟ್ಟು, ಮುಚ್ಚಳವನ್ನು ಭದ್ರವಾಗಿ ಮುಚ್ಚಿ, ತೊಲೆಯಿಂದ ಉದ್ದನೆಯ ದಾರದಲ್ಲಿ ತೂಗಹಾಕಿದಳು. ಮೇಜಿನ ಮೇಲಿನ ಬ್ಯಾಟರಿಯಿಂದ ಎರಡು ತಂತಿಗಳು ಡಬ್ಬಿಗೆ ಹೋಗಿದ್ದುವು. ಗುಂಡಿಯನ್ನು ಒತ್ತಿದರೆ ಡಬ್ಬಿಯು ಎರಡು ಬೆರಳಗಲ ಕಿಟಕಿಯ ಕಡೆಗೆ ಸರಿದು ಅಲ್ಲಿಯೇ ನಿಲ್ಲುತ್ತಿತ್ತು! ಹುಡುಗಿಯರೆಲ್ಲರೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಪ್ರದರ್ಶನದ ಹಿಂದಿನ ಸಂಜೆ ಆಕೆ ನಮ್ಮ ಬಳಿಗೆ ಬಂದು, "ಟೀಚರ್, ಡಬ್ಬಿಯನ್ನು ಹಿಂದುಮುಂದಾಗಿ ತಿರುಗಿಸಿದೆ. ಆದರೂ ಅದು ಕಿಟಕಿಯ ಕಡೆಗೇ ಹೋಗುತ್ತದೆ" ಎಂದಳು. ನಾಳೆ ತೀರ್ಪುಗಾರರು ಬರುವವರಿದ್ದರು. ಬಹುಮಾನವು ನಮ್ಮ ಶಾಲೆಗೇ ಎಂದು ನಾವು ಮನಸ್ಸಿನಲ್ಲಿ ಎಣಿಸಿಕೊಂಡಿದ್ದೆವು. "ಇರಲಿ ಮಗು, ಈಗ ಅದನ್ನು ಕೆದಕಬೇಡ" ಎಂದುಬಿಟ್ಟೆವು. ಈ ಮಾತನ್ನು ಈಗ ಬರೆಯುವಾಗಲೂ ನಮಗೆ ನಾಚಿಕೆಯಾಗುವುದು.

ಆಕೆ ಎದುರು ಮಾತಾಡಲಿಲ್ಲ. ಆದರೆ ಬೆಳಿಗ್ಗೆ ಬಂದು ನೋಡುವಲ್ಲಿ, ಬ್ಯಾಟರಿಯನ್ನು ಡಬ್ಬಿಯ ಒಳಗೇ ಇಟ್ಟಿದ್ದಳು. ತಂತಿಗಳು ಮೇಜಿನ ಮೇಲೆ ಬಿಡಿಯಾಗಿ ಬಿದ್ದಿದ್ದುವು. ಡಬ್ಬಿಯು ಗುಂಯ್‌ಗುಟ್ಟಿ ನಡುಗಿತು, ಅತ್ತಿತ್ತ ಸರಿಯಲಿಲ್ಲ. ಸುರುಳಿಯಾಗಿದ್ದ ತಂತಿಯು ಮೋಟಾರಿನ ನಡುಕದಿಂದ ಸಡಿಲವಾಗಿ ಡಬ್ಬಿಯನ್ನು ಎಳೆಯುತ್ತಿತ್ತೆಂದು ಆಕೆ ಕಂಡುಹಿಡಿದಿದ್ದಳು. ಪಕ್ಕದಲ್ಲಿ ಒಂದು ರಟ್ಟಿನ ಮೇಲೆ, ಡಬ್ಬಿಯು ತಾನಾಗಿ ಚಲಿಸುವಂತೆ ತೋರಿತು, ಚಲಿಸಿದ್ದು ತಂತಿಯಿಂದ, ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಳು. ಬಹುಮಾನವು ಬೇರೊಂದು ಶಾಲೆಗೆ ಹೋಯಿತು. ಷಿಯಾನಿನ ಪ್ರಾಧ್ಯಾಪಿಕೆಯ ಹೆಸರನ್ನೂ ಡ್ರೆಸ್ಡೆನ್ನಿನ ತಕ್ಕಡಿಯನ್ನೂ ಆ ಹುಡುಗಿಯು ಆಗ ಕೇಳಿರಲಿಲ್ಲ. ಅವರು ಮಾಡಿದ ಎರಡು ಪರೀಕ್ಷೆಗಳನ್ನು ಬಿಸ್ಕತ್ತಿನ ಡಬ್ಬಿಯ ಮೇಲೆ ತಾನಾಗಿಯೇ ಮಾಡಿದ್ದಳು. ಅದೂ ಉಪಾಧ್ಯಾಯಿನಿಯು ಬೇಡವೆಂದ ಮೇಲೆ.

ನಂಬಿಕೆಯನ್ನು ಕಲಿಸುವ ಶಾಲೆಯಲ್ಲಿ ಸಂಶಯವನ್ನು ಕಲಿಸಬಹುದೇ ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದ್ದುಂಟು. ಅಪೊಸ್ತಲನಾದ ತೋಮನು ಗಾಯಗಳನ್ನು ಮುಟ್ಟಿನೋಡಿದ ಹೊರತು ನಂಬೆನೆಂದನು. ಅವನ ಗುರುವು ಅವನನ್ನು ಗುಂಪಿನಿಂದ ಹೊರಗೆ ಹಾಕಲಿಲ್ಲ. ಹತ್ತಿರಕ್ಕೆ ಕರೆದು ಕೈಚಾಚೆಂದನು. ಕಾಣದೆ ನಂಬುವವರ ಧನ್ಯತೆಯನ್ನು ಅವನಿಗೆ ತಿಳಿಯಪಡಿಸಿದ್ದೂ ಉಂಟು. ಆದರೆ ಅದು ಆತ್ಮದ ವಿಷಯ. ತಾಮ್ರದ ಪಾತ್ರೆಗೂ ತಕ್ಕಡಿಗೂ ಅಂತಹ ವಿನಾಯಿತಿಯಿಲ್ಲ. ಕಳ್ಳತಕ್ಕಡಿಯು ದೇವರಿಗೆ ಅಸಹ್ಯವೆಂದು ನಾವು ಚಿಕ್ಕಂದಿನಿಂದ ಓದಿದವರು. ಅಂಗಡಿಯ ತಕ್ಕಡಿಗೆ ಯಾವ ನೀತಿಯೋ ಪ್ರಯೋಗಶಾಲೆಯ ತಕ್ಕಡಿಗೂ ಅದೇ ನೀತಿ. ಅನ್ಯರ ಗ್ರಂಥಗಳಿಗೆ ಒಂದು ಅಳತೆಯನ್ನೂ, ನಮ್ಮವರು ಹೇಳುವ ಅದ್ಭುತದ ಕಥೆಗಳಿಗೆ ಮತ್ತೊಂದು ಅಳತೆಯನ್ನೂ ಇಟ್ಟುಕೊಳ್ಳುವುದು ಸಹ ಕಳ್ಳತಕ್ಕಡಿಯೇ ಆಗಿದೆ.

ಪೀಣ್ಯದ ಕಡೆಯಿಂದ ಬರುವ ಹುಡುಗಿಯರಿಗೆ ಇನ್ನೊಂದು ಮಾತನ್ನು ಹೇಳಿ ಮುಗಿಸುವೆವು. ನಮ್ಮ ದೇಶದ ಮೊದಲನೆಯ ಉಪಗ್ರಹವಾದ ಆರ್ಯಭಟವು ನಿಮ್ಮ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿಯ ಕಡೆಯವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಕಟ್ಟಲ್ಪಟ್ಟಿತು. ೧೯೭೫ರ ಏಪ್ರಿಲ್ ೧೯ರಂದು ಅದು ಹಾರಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ತಿನ ಒಂದು ಭಾಗವು ಕೆಟ್ಟು, ಒಳಗಿದ್ದ ವಿಜ್ಞಾನ ಪ್ರಯೋಗಗಳು ನಿಂತುಹೋದುವು. ಕಟ್ಟಿದವರು ಅದನ್ನು ಮುಚ್ಚಿಡಲಿಲ್ಲ. ಕೆಟ್ಟದ್ದನ್ನು ಕೆಟ್ಟಿತೆಂದೇ ಬರೆದು, ಅದರಿಂದ ಕಲಿತು, ಮುಂದಿನದನ್ನು ಕಟ್ಟಿದರು. ಉಪಗ್ರಹಗಳ ಜಾಡನ್ನು ಹಿಡಿದು ಕಾಯುವ ಇಸ್ರೋದ ಕೇಂದ್ರವೂ ಇಂದು ಅದೇ ಪೀಣ್ಯದಲ್ಲಿದೆ. ದ್ರವ್ಯವಿಲ್ಲದೆ ನಡೆಯುವ ನೌಕೆಯನ್ನು ಯಾರಾದರೂ ಎಂದಾದರೂ ನಿಜವಾಗಿ ಮಾಡಿದರೆ, ಅದರ ವೇಗವು ಕಾಯಿ ಎಸೆಯದ ದೋಣಿಯಂತೆ ನಿಂತಿದೆಯೋ, ಪಟ ಬಿಚ್ಚಿದ ದೋಣಿಯಂತೆ ಏರಿದೆಯೋ ಎಂಬುದನ್ನು ಹೇಳತಕ್ಕವರು ಇಂತಹ ಕೇಂದ್ರಗಳಲ್ಲಿ ರಾತ್ರಿಯೆಲ್ಲ ಎದ್ದಿದ್ದು ಅಳೆಯುವವರೇ.

ಪ್ರಿಯ ವಿದ್ಯಾರ್ಥಿನಿಯರೇ, ಆ ಸ್ಥಾನಗಳಲ್ಲಿ ನಿಮ್ಮಲ್ಲಿ ಕೆಲವರು ಕುಳಿತುಕೊಳ್ಳುವಿರೆಂಬುದು ನಮ್ಮ ಹಾರೈಕೆ. ಆಗ ನಿಮ್ಮ ಯಂತ್ರವು ನಿಮಗೆ ಬೇಕಾದ ಉತ್ತರವನ್ನೇ ಕೊಟ್ಟರೆ, ಸಂತೋಷಪಡುವುದಕ್ಕೆ ಮೊದಲು ಅದನ್ನು ಒಮ್ಮೆ ಹಿಂದುಮುಂದಾಗಿ ತಿರುಗಿಸಿಡಿರಿ. ದೊಡ್ಡವರು ಬೇಡವೆಂದರೂ ತಿರುಗಿಸಿಡಿರಿ. ಆ ರಟ್ಟಿನ ತುಂಡನ್ನು ನಾವು ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇವೆ.